ಹತ್ತಕ್ಕೊಂದು ಕೊಸರು

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದೆ. ಗ್ಯಾಸಿನವನ ನಂಬರು, ನೀರಿನ ಕ್ಯಾನಿನವನ ನಂಬರು ಇದ್ದ ಜಾಗ ಅದು. ನನ್ನ ಹೆಂಡತಿ ಮಂಜುಳಾ ಅವೆರಡನ್ನೂ ಗೋಡೆಗೆ ಎತ್ತಂಗಡಿ ಮಾಡಿ ಈ ಹಾಳೆಗೆ ಜಾಗ ಬಿಟ್ಟುಕೊಟ್ಟಳು. ಬಿಟ್ಟುಕೊಟ್ಟದ್ದನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಲೂ ಇರುತ್ತಾಳೆ. ಹಾಳೆಯ ಒಂದು ಮಗ್ಗುಲು ನಮ್ಮ ಕಾರ್ಖಾನೆಯ ರದ್ದಾದ ತಪಾಸಣೆ ಫಾರಂ. ಇನ್ನೊಂದು ಮಗ್ಗುಲಲ್ಲಿ ನಾನು ಸ್ಕೇಲಿಟ್ಟು ಗೆರೆ ಹಾಕಿ ದಿನಾಂಕ, ಈಜು, ಸೈಕಲ್ಲು, ಓಟ, ಹಿಡಿದ ಸಮಯ, ಷರಾ ಎಂದು ಮನೆಗಳನ್ನು ಮಾಡಿದ್ದೇನೆ. ಕೊನೆಯ ಮನೆ ಮಾತ್ರ ಕಾರ್ಖಾನೆಯಿಂದ ಹಾಗೇ ಎತ್ತಿಕೊಂಡದ್ದು: ಪಾಸ್ ಅಥವಾ ರಿಜೆಕ್ಟ್.

ಹೊಸೂರಿನ ಆ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ನನ್ನ ಕೆಲಸ ಇಷ್ಟೇ. ಬೇರೆಯವರು ಮಾಡಿದ ಬಿಡಿಭಾಗವನ್ನು ಅಳೆಯುವುದು, ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸುವುದು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಕೆಂಪೇ. ಮಾಡಿದವನು ಆಗ ತಾನೇ ಕ್ಯಾಂಟೀನಿನಲ್ಲಿ ನನ್ನ ತಟ್ಟೆಗೆ ತನ್ನ ವಡೆ ಹಾಕಿದವನಾದರೂ ಕೆಂಪೇ. ಈ ಕೆಲಸದವರಿಗೆ ಸ್ನೇಹಿತರು ಕಡಿಮೆ, ಹಾಗಾಗಿ ಭಾನುವಾರಗಳು ಖಾಲಿ. ಖಾಲಿ ಭಾನುವಾರ ಇಟ್ಟುಕೊಂಡ ಐವತ್ತೊಂದರ ಗಂಡಸು ಏನಾದರೊಂದು ಎಡವಟ್ಟು ಮಾಡಿಕೊಳ್ಳದೆ ಇರುವುದಿಲ್ಲ. ನಾನು ಟ್ರಯಥ್ಲಾನ್ ಮಾಡಿಕೊಂಡೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಒಂದೇ ದಿನ, ಒಂದೇ ಉಸಿರಿಗೆ ಮೂರು ಕೆಲಸ. ಮೊದಲು ಸಮುದ್ರದಲ್ಲಿ ಸುಮಾರು ಎರಡು ಕಿಲೋಮೀಟರು ಈಜು, ಎದ್ದು ಬಂದು ತೊಂಬತ್ತು ಕಿಲೋಮೀಟರು ಸೈಕಲ್ಲು, ಇಳಿದು ಇಪ್ಪತ್ತೊಂದು ಕಿಲೋಮೀಟರು ಓಟ. ಇದರ ಎರಡರಷ್ಟು ಮಾಡುವವರೂ ಇದ್ದಾರೆ, ಅವರ ಮನೆಯವರ ಕಥೆ ನನಗೆ ಗೊತ್ತಿಲ್ಲ. ಇದರಲ್ಲೊಂದು ನಿಯಮವಿದೆ. ಎಪ್ಪತ್ತು ನಿಮಿಷದೊಳಗೆ ನೀರಿನಿಂದ ಎದ್ದು ಬರದವರನ್ನು ಸೈಕಲ್ಲು ಮುಟ್ಟಲು ಬಿಡುವುದಿಲ್ಲ. ಹೋದ ವರ್ಷ ನಾನು ಎದ್ದು ಬರಲಿಲ್ಲ. ದೋಣಿಯವರು ಬಂದು ನನ್ನ ಕಂಕುಳಿಗೆ ಕೈ ಹಾಕಿ ಎತ್ತಿ ಹಲಗೆಯ ಮೇಲೆ ಕೂರಿಸಿದರು. ದೋಣಿ ನಡೆಸುವವನು ಬಿಸ್ಕತ್ತು ಕೊಟ್ಟು ಯಾವ ಊರು ಎಂದು ತಮಿಳಿನಲ್ಲಿ ಕೇಳಿದ. ಹೊಸೂರು ಎಂದೆ. "ಅಯ್ಯೋ ಸಾರ್, ಅಲ್ಲಿ ಸಮುದ್ರವೇ ಇಲ್ಲವಲ್ಲ" ಎಂದು ಮನಸಾರೆ ಮರುಗಿದ. ದಡ ಸೇರುವವರೆಗೆ ಮಿಕ್ಕವರೆಲ್ಲ ಈಜುತ್ತಿರುವುದನ್ನು ನೋಡುತ್ತಾ ಆ ಬಿಸ್ಕತ್ತು ತಿಂದೆ. ನಾಚಿಕೆಯಾಯಿತು ಎಂದು ಬಾಯಿಬಿಟ್ಟು ಹೇಳಿಬಿಡುತ್ತೇನೆ, ಸುತ್ತಿ ಬಳಸುವುದು ಬೇಡ. ಆ ಹಲಗೆಯ ಮೇಲೆ ಎರಡನೇ ಸಲ ಕೂರುವುದು ನನ್ನ ಕೈಲಾಗದು. ಆದ್ದರಿಂದ ಈ ಸಲ ಹಾಳೆಯ ತಲೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ: ಹೊರಡುವ ಮುಂಚೆ ಈಜು ಎಪ್ಪತ್ತರೊಳಗೆ ಬರದಿದ್ದರೆ ಹೊರಡುವುದಿಲ್ಲ. ಮಂಜುಳಾ ಅದರ ಕೆಳಗೆ ಸಾಕ್ಷಿ ಎಂದು ಸಹಿ ಹಾಕಿದ್ದಾಳೆ.

ಈಗ ಉಳಿದಿರುವುದು ಹನ್ನೆರಡು ದಿನ. ಬಲ್ಲವರು ಹೇಳುವ ಪ್ರಕಾರ ಕೊನೆಯ ವಾರಗಳಲ್ಲಿ ಹೊಸದಾಗಿ ಏನನ್ನೂ ಕಲಿಯಲಾಗದು, ಮಾಡಿದ್ದೇನು ಎಂದು ಕೂತು ನೋಡಬೇಕಷ್ಟೆ. ಹಾಗಾಗಿ ದಿನಾ ಕಾಫಿ ಲೋಟ ಹಿಡಿದು ಫ್ರಿಜ್ಜಿನ ಮುಂದೆ ನಿಂತು ನೋಡುತ್ತೇನೆ. ನೋಡಿದಷ್ಟೂ ಒಂದು ಸಂಗತಿ ಸ್ಪಷ್ಟವಾಗುತ್ತಿದೆ. ಈ ಸೀಮೆಯಲ್ಲಿ ಯಾವುದನ್ನೂ ನೆಟ್ಟಗೆ ಅಳೆಯಲು ಜನ ಬಿಡುವುದಿಲ್ಲ.

ಓಟವನ್ನೇ ತೆಗೆದುಕೊಳ್ಳಿ. ಗುಮ್ಮಳಾಪುರದ ರಸ್ತೆಯಲ್ಲಿ ಬೆಳಗಿನ ಹೊತ್ತು ಗಾಳಿ ತಂಪು, ಗಾಡಿ ಕಡಿಮೆ. ಒಂದು ದಿನ ಹದಿನೆಂಟು ಕಿಲೋಮೀಟರು ಎಂದು ಹೊರಟು ಹದಿಮೂರು ಮುಗಿಸಿ ಏದುಸಿರು ಬಿಡುತ್ತಾ ಓಡುತ್ತಿದ್ದೆ. ಹಿಂದಿನಿಂದ ಟೌನ್ ಬಸ್ಸು ಬಂದು ನನ್ನನ್ನು ದಾಟಿ, ಗಕ್ಕನೆ ನಿಂತಿತು. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು, "ಓಡ್ಬೇಡಿ ಸಾರ್, ನಿಲ್ಸಿದೀವಿ, ನಿಧಾನಕ್ ಬನ್ನಿ!" ಎಂದು ಕೂಗಿದ. ಒಳಗೆ ಒಬ್ಬಾಕೆ ಆಗಲೇ ತನ್ನ ಸೊಪ್ಪಿನ ಬುಟ್ಟಿಯನ್ನು ತೊಡೆಯ ಮೇಲೆ ಎಳೆದುಕೊಂಡು ಸೀಟಿನಲ್ಲಿ ಜಾಗ ಮಾಡಿದ್ದಳು. "ಪಾಪ, ಎಲ್ಲಿಂದ ಓಡ್ಕಂಡ್ ಬಂದವ್ನೋ, ನೆಂದೋಗವ್ನೆ" ಎಂದು ಯಾರೋ ಮರುಕಪಟ್ಟರು. ಇಡೀ ಬಸ್ಸು ನನಗಾಗಿ ನಿಂತಿರುವಾಗ, ಇಲ್ಲ ನಾನು ಸುಮ್ಮನೆ ಓಡುತ್ತಿದ್ದೇನೆ ಎನ್ನಲು ಯಾವ ನಾಲಿಗೆ ಬರುತ್ತದೆ, ನೀವೇ ಹೇಳಿ. ಹತ್ತಿ ಕೂತೆ. ಎರಡು ಸ್ಟಾಪು ದಾಟಿ, ಊರು ಬಂತು ಎಂದು ಸುಳ್ಳು ಹೇಳಿ ಇಳಿದೆ. ಹಾಳೆಯಲ್ಲಿ ಆ ದಿನದ ಷರಾ: ಹದಿನೆಂಟು, ಅದರಲ್ಲಿ ನಾಲ್ಕು ಬಸ್ಸಿನಲ್ಲಿ.

ಸೈಕಲ್ಲಿನ ಮನೆಯಲ್ಲೂ ಇಂಥದೊಂದು ಕಲೆ ಇದೆ. ಜವಳಗಿರಿಯ ಕಾಡು ರಸ್ತೆಯಲ್ಲಿ ತೊಂಬತ್ತು ಕಿಲೋಮೀಟರಿನ ದೊಡ್ಡ ಸವಾರಿ ಇಟ್ಟುಕೊಂಡಿದ್ದೆ. ಅರಣ್ಯದವರು ಕೈ ಅಡ್ಡ ಹಾಕಿ ನಿಲ್ಲಿಸಿದರು. ಮುಂದೆ ತಿರುವಿನಲ್ಲಿ ಆನೆ ನಿಂತಿದೆಯಂತೆ. ಹಾಲಿನ ವ್ಯಾನು, ಎರಡು ಬೈಕು, ನಾನು, ನಲವತ್ತು ನಿಮಿಷ ಕಾದೆವು. ಕಾರ್ಖಾನೆಯಲ್ಲಿ ಯಂತ್ರ ನಿಂತರೆ ನಿಂತದ್ದಕ್ಕೆ ಕಾರಣ ಬರೆಯಲೇಬೇಕು. ಆ ಅಭ್ಯಾಸದಿಂದ ಷರಾದಲ್ಲಿ "ಆನೆ" ಎಂದು ಬರೆದೆ. ಮಾರನೆಯ ದಿನ ಹಾಳೆ ನೋಡಿದ ನಮ್ಮ ನಾದಿನಿ ನನ್ನ ತಲೆಗೇ ಏನೋ ತೊಂದರೆ ಇರಬೇಕು ಎಂದುಕೊಂಡು ಮಂಜುಳಾಳನ್ನು ಒಳಗೆ ಕರೆದು ವಿಚಾರಿಸಿದಳು.

ಇವೆರಡೂ ಹೇಗೋ ಪಾಸಾಗುವ ಮಾಲು. ನನ್ನ ಭಯವೆಲ್ಲ ಈಜಿನ ಮನೆಯದು. ಅಲ್ಲಿಗೆ ಬಂದರೆ ಚಿಕ್ಕಮ್ಮನ ವಿಷಯಕ್ಕೆ ಬರಬೇಕು.

ನಂಜಮ್ಮ ಚಿಕ್ಕಮ್ಮ ನಮ್ಮಮ್ಮನ ಕೊನೆಯ ತಂಗಿ. ರಾಯಕೋಟೆ ಹತ್ತಿರದ ಹಳ್ಳಿಗೆ ಮದುವೆಯಾಗಿ ಹೋದವಳು. ಈಗ ಅರವತ್ತಾರೋ ಅರವತ್ತೇಳೋ. ಮಗ, ಸೊಸೆ, ಗಂಡ, ಟೊಮೇಟೊ ತೋಟ, ಎರಡು ಸೀಮೆ ಹಸು, ಎಲ್ಲಕ್ಕೂ ಅವಳದೇ ಬಾಯಿ. ಅವರ ತೋಟದಲ್ಲಿ ಕಲ್ಲು ಕಟ್ಟಿದ ಚೌಕದ ದೊಡ್ಡ ಬಾವಿ ಇದೆ. ಒಂದು ಮಗ್ಗುಲಿಗೆ ನೀರಿನವರೆಗೆ ಮೆಟ್ಟಿಲು. ಬೇಸಿಗೆ ರಜಕ್ಕೆ ಹೋದಾಗ ಚಿಕ್ಕಪ್ಪ ನನ್ನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಅದೇ ಬಾವಿಗೆ ನೂಕಿ ಈಜು ಕಲಿಸಿದ್ದು. ಬುರುಡೆಗೆ ತೂತು ಬಿದ್ದಿತ್ತು ಎನ್ನುವುದು ನೀರಿಗೆ ಬಿದ್ದ ಮೇಲೆ ಇಬ್ಬರಿಗೂ ಗೊತ್ತಾಯಿತು. ಹೀಗೆ ನಾನು ಬೇಗ ಕಲಿತೆ. ಆಗೆಲ್ಲ ಚಿಕ್ಕಮ್ಮ ಬಾವಿಯ ಹತ್ತಿರಕ್ಕೇ ಬರುತ್ತಿರಲಿಲ್ಲ, ದೂರದ ಹುಣಸೆಮರದ ಬುಡದಲ್ಲಿ ನಿಂತು ಗಂಡನನ್ನು ಬೈಯುತ್ತಿದ್ದಳು. ಹೊಸದಾಗಿ ಮದುವೆಯಾಗಿ ಬಂದಾಗ ಬಿಂದಿಗೆ ತುಂಬಲು ಹೋಗಿ ಅದೇ ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದಳಂತೆ. ಚಿಕ್ಕಪ್ಪ ಜುಟ್ಟು ಹಿಡಿದು ಎಳೆದು ಹಾಕಿದನಂತೆ. ನಮ್ಮ ಕಡೆ ಮದುವೆ ಮುಂಜಿಗಳಲ್ಲಿ ಊಟದ ಹೊತ್ತಿಗೆ ಯಾರಾದರೊಬ್ಬರು "ನಂಜಮ್ಮ ನೀರೊಳ್ಗೆ ಬಿಂದ್ಗೆ ಹುಡುಕಕ್ಕೋಗಿದ್ಲಲ್ಲ" ಎಂದು ತೆಗೆಯುವುದು, ಎಲ್ಲರೂ ನಗುವುದು, ಅವಳೂ ನಗುವುದು ವಾಡಿಕೆ. ನಾನೂ ಬೇಕಾದಷ್ಟು ಸಲ ನಕ್ಕಿದ್ದೇನೆ.

ಈಗ ಎಂಟು ತಿಂಗಳಿಂದ ಭಾನುವಾರ ಬೆಳಿಗ್ಗೆ ಆ ಬಾವಿಯೇ ನನ್ನ ಸಮುದ್ರ. ಗೋಡೆಗುಂಟ ಒಂದು ಸುತ್ತು ಈಜಿದರೆ ನಲವತ್ತು ಮೀಟರು. ಟೇಪು ಹಿಡಿದು ಮೂರು ಸಲ ಅಳೆದಿದ್ದೇನೆ, ಅದರಲ್ಲಿ ಅನುಮಾನ ಬೇಡ. ನಲವತ್ತೆಂಟು ಸುತ್ತು ಹಾಕಿದರೆ ಸ್ಪರ್ಧೆಯ ದೂರ ಮುಟ್ಟುತ್ತದೆ. ಕಷ್ಟವೇನೆಂದರೆ ನನಗೆ ಈಜುತ್ತಾ ಎಣಿಸಲು ಬರುವುದಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಆಡಲು ಹೋದ ಪಕ್ಕದ ಮನೆಯಲ್ಲಿ ತೆಲುಗು. ಆರರವರೆಗೆ ಕನ್ನಡದಲ್ಲಿ ಹೋಗುತ್ತೇನೆ, ಏಳು ತಮಿಳಿನಲ್ಲೂ ಹೆಚ್ಚುಕಡಿಮೆ ಅದೇ ಸದ್ದು, ಅಲ್ಲಿಂದ ಗಾಡಿ ಎಟ್ಟು, ಒಂಬದು ಎಂದು ಶಾಲೆಯ ಹಳಿಗೆ ಬಿದ್ದುಬಿಡುತ್ತದೆ. ಇಪ್ಪತ್ತರ ಹೊತ್ತಿಗೆ ನಾನು ಯಾವ ಭಾಷೆಯಲ್ಲೂ ಇರುವುದಿಲ್ಲ. ಕೈಗಡಿಯಾರವನ್ನು ನಂಬೋಣವೆಂದರೆ ಬಾವಿಯೊಳಗೆ ಅದರ ಜಿಪಿಎಸ್ಸಿಗೆ ಆಕಾಶ ಸಾಲದು. ಒಮ್ಮೆ ನಾನು ರಾಯಕೋಟೆ ಬೆಟ್ಟದ ಮೇಲೆ ಈಜುತ್ತಿದ್ದೇನೆ ಎಂದು ತೋರಿಸಿತು. ಹೊತ್ತು ನೋಡಲು ಮಾತ್ರ ಅದನ್ನು ಕಟ್ಟಿಕೊಳ್ಳುತ್ತೇನೆ.

ಚಿಕ್ಕಮ್ಮನ ಮಗ ಎಣಿಸಿಕೊಡಬಹುದಿತ್ತು, ಆದರೆ ಭಾನುವಾರ ಬೆಳಿಗ್ಗೆ ಅವನಿಗೆ ಟೊಮೇಟೊ ಕಿತ್ತು ಮಂಡಿಗೆ ಹಾಕುವ ಗಡಿಬಿಡಿ. "ನಾನೇ ಕೂತ್ಕತೀನಿ ಬಿಡು" ಎಂದು ಚಿಕ್ಕಮ್ಮ ಮುಂದೆ ಬಂದಳು. ನಾನು ಒಳ್ಳೆಯದೇ ಆಯಿತು ಎಂದುಕೊಂಡೆ. ಆ ಊರಿನಲ್ಲಿ ರಾಗಿ, ಅವರೆಕಾಳು ಅಳೆಯಲು ಅವಳನ್ನು ಈಗಲೂ ಕರೆಯುತ್ತಾರೆ. ಅವಳ ಕೈ ಅಷ್ಟು ನಂಬಿಗಸ್ತ ಕೈ. ಮೊರದಲ್ಲಿ ನಲವತ್ತೆಂಟು ಹುಣಸೆಬೀಜ ಇಟ್ಟುಕೊಂಡು ಬಾವಿಯ ಕಟ್ಟೆಯ ಮೇಲೆ ಕೂರುವಳು. ನಾನು ಪ್ರತಿ ಸುತ್ತಿಗೂ ಕೆಳಗಿನ ಮೆಟ್ಟಿಲನ್ನು ಅಂಗೈಯಿಂದ ಪಟ್ ಎಂದು ತಟ್ಟಬೇಕು, ಅವಳು ಒಂದು ಬೀಜವನ್ನು ಪಕ್ಕದ ಚೊಂಬಿಗೆ ಹಾಕಬೇಕು. ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ, ಕಾಳು ಅಳೆಯುವವರ ಪದ್ಧತಿಯಂತೆ "ಲಾಭ" ಎನ್ನುತ್ತಾಳೆ. ಮೊರ ಖಾಲಿಯಾದ ತಕ್ಷಣ "ಮುಗೀತು, ಬಾರ್ಲಾ ಮ್ಯಾಕೆ!" ಎಂದು ಇಡೀ ತೋಟಕ್ಕೆ ಕೇಳುವ ಹಾಗೆ ಕೂಗುತ್ತಾಳೆ.

ದೋಣಿಯ ಕಥೆಯನ್ನೂ ಅವಳಿಗೆ ಹೇಳಿದ್ದೆ. ನನ್ನ ಅವಮಾನ ಕೇಳಿ ಬೇಜಾರು ಮಾಡಿಕೊಂಡಾಳು ಎಂದು ನೋಡಿದರೆ, "ಒಳ್ಳೇವ್ರು ಕಣ್ಲಾ, ದೋಣಿ ಮಡಗವ್ರೆ" ಎಂದು ದೇವರ ದಿಕ್ಕಿಗೆ ಕೈ ಮುಗಿದಳು.

ಹೀಗೆ ಎಣಿಸಿದ್ದರಲ್ಲಿ ನನ್ನ ಈಜು ತಿಂಗಳಿಂದ ತಿಂಗಳಿಗೆ ಇಳಿಯುತ್ತಾ ಬಂದು ಅರವತ್ತಾರು ನಿಮಿಷಕ್ಕೆ ನಿಂತಿತು. ನಾಲ್ಕು ನಿಮಿಷ ಕೈಯಲ್ಲಿ ಉಳಿದಂತಾಯಿತು. ಹಾಳೆಯಲ್ಲಿ ಪಾಸ್, ಪಾಸ್, ಪಾಸ್ ಎಂದು ಸಾಲಾಗಿ ಬರೆದೆ. ಕ್ಯಾಂಟೀನಿನಲ್ಲಿ ಒಂದಿಬ್ಬರಿಗೆ ಹೇಳಿಯೂ ಬಿಟ್ಟೆ.

ಮೂರು ವಾರ ಉಳಿದಿದ್ದಾಗ ಚಿಕ್ಕಮ್ಮ ಮಗಳ ಮನೆಗೆಂದು ಕೃಷ್ಣಗಿರಿಗೆ ಹೋಗಿದ್ದಳು. ಮಂಜುಳಾಳನ್ನು ಕಟ್ಟೆಯ ಮೇಲೆ ಕೂರಿಸಿ ಮೊರ ಕೊಟ್ಟೆ. ಈಜಿ ಎದ್ದು ಗಡಿಯಾರ ನೋಡಿದರೆ ಎಪ್ಪತ್ತೆರಡು ನಿಮಿಷ.

"ನೀನು ಫೋನ್ ನೋಡ್ತಾ ಕೂತಿದ್ದೆ" ಎಂದೆ.

"ಒಂದು ಬೀಜಾನೂ ಆಚೀಚೆ ಆಗಿಲ್ಲರೀ. ನಾನು ಬಿ.ಕಾಂ. ಓದಿದೀನಿ, ನಲವತ್ತೆಂಟರವರೆಗೆ ಎಣಿಸೋಕೆ ಬರುತ್ತೆ" ಎಂದಳು.

ಒಂದೇ ವಸ್ತುವನ್ನು ಇಬ್ಬರು ಅಳೆದಾಗ ಎರಡು ಅಳತೆ ಬಂದರೆ ವಸ್ತುವನ್ನು ಬೈಯಬಾರದು, ಅಳೆದವರ ಕೈ ನೋಡಬೇಕು. ಇದು ನಾನು ಹೊಸ ಹುಡುಗರಿಗೆ ಕಲಿಸುವ ಮೊದಲ ಪಾಠ. ಆದರೂ ಒಂದು ವಾರವೆಲ್ಲ ನನ್ನ ಭುಜವನ್ನೇ ಬೈದುಕೊಂಡೆ, ಇಡ್ಲಿ ಕಡಿಮೆ ತಿಂದೆ, ಮಂಜುಳಾಳ ಮೇಲೆ ರೇಗಿದೆ. ಚಿಕ್ಕಮ್ಮನ ಕೈ ತಪ್ಪೀತು ಎನ್ನುವುದು ಕಡೆಯವರೆಗೂ ತಲೆಗೆ ಹೊಳೆಯಲಿಲ್ಲ. ಹೊಳೆದಾಗ ಪಾಪ ಮಾಡಿದಂತಾಯಿತು.

ಮೊನ್ನೆ ಭಾನುವಾರ ಹೋದವನು ನೀರಿಗಿಳಿಯದೆ ಕಟ್ಟೆಯ ಮೇಲೆ ಅವಳ ಪಕ್ಕ ಕೂತೆ. "ಚಿಕ್ಕಮ್ಮ, ಸುಮ್ನೆ ನಾನು ಇಲ್ಲೇ ಕೈ ತಟ್ತೀನಿ, ನೀನು ಎಣ್ಸು ನೋಡಾಣ" ಎಂದೆ. ತಟ್ಟಿದೆ. ಲಾಭ, ಎರಡು, ಮೂರು, ಅವಳ ಬೀಜ ಒಂದೊಂದಾಗಿ ಚೊಂಬಿಗೆ ಬಿದ್ದವು. ಹತ್ತು ಎಂದಳು. ನಾನು ಕೈ ತಡೆದೆ. ನಾನು ತಟ್ಟದಿದ್ದರೂ ಇನ್ನೊಂದು ಬೀಜ ಸದ್ದಿಲ್ಲದೆ ಚೊಂಬಿಗೆ ಹೋಯಿತು.

"ಅದ್ಯಾವುದು?"

"ಕೊಸ್ರು" ಎಂದಳು, ಇದೂ ಒಂದು ಪ್ರಶ್ನೆಯಾ ಎನ್ನುವ ಹಾಗೆ.

ಕೊಸರು ಗೊತ್ತಲ್ಲ ನಿಮಗೆ. ಹತ್ತು ಅಳೆದ ಮೇಲೆ ಕೊಂಡವರ ಚೀಲಕ್ಕೆ ಮೇಲೊಂದು ಬೊಗಸೆ ಹಾಕುವುದು. ತರಕಾರಿ ತಗೊಂಡರೆ ಕರಿಬೇವಿನ ಕಡ್ಡಿ. ನಮ್ಮ ಸೀಮೆಯ ಮೂರು ಭಾಷೆಯವರೂ ಆ ಮಾತನ್ನು ತಮ್ಮದೇ ಎನ್ನುತ್ತಾರೆ. ಕೂತಲ್ಲೇ ತಲೆ ಓಡಿಸಿದೆ. ಹತ್ತು ಸುತ್ತಿಗೆ ಹನ್ನೊಂದು ಬೀಜ, ನಲವತ್ತಕ್ಕೆ ನಲವತ್ತನಾಲ್ಕು, ನಲವತ್ತನಾಲ್ಕು ಸುತ್ತಿಗೆ ಮೊರ ಖಾಲಿ. ಎಂಟು ತಿಂಗಳೂ ನಾನು ನಾಲ್ಕು ಸುತ್ತು ಕಮ್ಮಿ ಈಜಿ ಪಾಸ್ ಎಂದು ಬರೆದುಕೊಂಡಿದ್ದೇನೆ. ಮಂಜುಳಾಳ ಎಪ್ಪತ್ತೆರಡೇ ಸರಿ. ಇಪ್ಪತ್ತಾರು ವರ್ಷ ಊರವರ ಮಾಲಿಗೆಲ್ಲ ಕೆಂಪು ಚೀಟಿ ಅಂಟಿಸಿದವನು ಸ್ವಂತ ಮಾಲಿನಲ್ಲಿ ಹೀಗೆ ಸಿಕ್ಕಿಬಿದ್ದೆ. ಮೊದಲು ನಗು ಬಂತು.

"ಅಲ್ಲ ಚಿಕ್ಕಮ್ಮ, ನಾನೇನು ರಾಗಿ ತಗಳಕ್ ಬಂದಿದೀನಾ? ಕೊಸ್ರು ಹಾಕುದ್ರೆ ನಂಗೆ ಕಮ್ಮಿ ಆಯ್ತದೆ, ಜಾಸ್ತಿ ಅಲ್ಲ. ಅಭ್ಯಾಸಕ್ ಹಾಕ್ಬುಟ್ಟಾ?"

ಅವಳು ಮೊರದಲ್ಲಿ ಉಳಿದ ಬೀಜಗಳನ್ನು ಬೆರಳಿಂದ ಒಂದು ಮೂಲೆಗೆ ಸರಿಸಿದಳು.

"ಮೊದ್ಲು ದಿನ ಕೈ ತಪ್ಪಿ ಹಾಕ್ದೆ ಕಣ್ಲಾ. ಆಮ್ಯಾಕ್ ಗೊತ್ತಾಯ್ತು. ಬೇಕಂತ್ಲೇ ಹಾಕ್ದೆ. ನೀನ್ ನೀರ್ನಾಗಿರೋ ಗಂಟ ನನ್ ಜೀವ ಕೈಯಾಗಿರ್ತದೆ. ಒಂದ್ ಬೀಜ ಮುಂದುಕ್ ಹೋದ್ರೆ ಒಂದ್ ಸುತ್ತು ಬೇಗ ಮ್ಯಾಕ್ ಬತ್ತೀಯಲ್ಲ, ಅದ್ಕೆ."

"ಹಂಗಿದ್ರೆ ಯಾಕ್ ಕೂತ್ಕೊಂಡೆ? ಆಗಲ್ಲ ಅನ್ಬೇಕಾಗಿತ್ತು."

"ಇಲ್ ಕೂತಿದ್ರೆ ನೀನ್ ಕೈ ತಟ್ಟೋದಾದ್ರೂ ಕೇಳ್ತದೆ. ಮನೇಲ್ ಕೂತಿದ್ರೆ ಏನ್ ಕೇಳ್ತದೆ, ಹೇಳು."

ಎಂಟು ತಿಂಗಳು, ಭಾನುವಾರಕ್ಕೆ ಒಂದು ಗಂಟೆಯ ಮೇಲೆ, ಜಾರಿ ಬಿದ್ದ ಅದೇ ಮೆಟ್ಟಿಲ ಕಡೆ ಕಿವಿಯಿಟ್ಟು ಈ ಹೆಂಗಸು ಕೂತಿದ್ದಾಳೆ. ನನ್ನ ಎದೆಬಡಿತ, ನನ್ನ ಭುಜ, ನಾನು ತಿಂದ ಬಾಳೆಹಣ್ಣು, ಎಲ್ಲಕ್ಕೂ ಹಾಳೆಯಲ್ಲಿ ಮನೆಯಿದೆ. ಮೇಲೆ ಕೂತವಳಿಗೆ ಏನಾಗುತ್ತಿರಬಹುದು ಎಂದು ಒಂದು ದಿನವಾದರೂ ಯೋಚಿಸಿದವನಲ್ಲ ನಾನು. ಮದುವೆಮನೆಗಳಲ್ಲಿ ನಕ್ಕ ನಗುವೆಲ್ಲ ನೆನಪಾಗಿ ಮುಖ ಬಿಸಿಯಾಯಿತು.

ಕೊನೆಗೆ ನಾನೇ ಹೇಳಿದೆ, ಇವತ್ತೊಂದು ದಿನ ಕೊಸರಿಲ್ಲದೆ ಎಣಿಸಿಬಿಡು, ನಾನು ಹೋಗಬೇಕೋ ಬೇಡವೋ ಅದರ ಮೇಲೆ ಗೊತ್ತಾಗುತ್ತದೆ ಎಂದು. ಬೀಜಗಳನ್ನು ಮತ್ತೆ ಮೊರಕ್ಕೆ ಸುರಿದು, ಎಣಿಸಿ, "ಇಳಿ" ಎಂದಳು.

ಇಳಿದೆ. ಆವತ್ತು ಅವಳು ಎಂದಿನಂತೆ ಬಾಯೊಳಗೇ ಎಣಿಸಲಿಲ್ಲ, ಗಟ್ಟಿಯಾಗಿ ಕೂಗಿದಳು. ನೀರಿನೊಳಗಿಂದ ತಲೆ ಎತ್ತಿದಾಗಲೆಲ್ಲ ಅವಳ ದನಿ ಕಿವಿಗೆ ಬೀಳುತ್ತಿತ್ತು. ಹತ್ತಾಯಿತು, ಇಪ್ಪತ್ತಾಯಿತು, ಮೂವತ್ತಾಯಿತು. ನಲವತ್ತನಾಲ್ಕಕ್ಕೆ ನನ್ನ ಮೈ ರೂಢಿಯಂತೆ ಮುಗಿಯಿತು ಎಂದುಕೊಂಡು ಸಡಿಲಾಯಿತು. ಅಲ್ಲಿಂದಾಚೆಯ ನಾಲ್ಕು ಸುತ್ತು ನಾನು ಯಾವತ್ತೂ ಅವಳೆದುರು ಈಜಿರದ ನೀರು. ಅವಳ ದನಿ ಒಡೆದು ಒಡೆದು ಬರುತ್ತಿತ್ತು, ಆದರೆ ಒಂದು ಬೀಜವನ್ನೂ ಮುಂದೆ ಹಾಕಲಿಲ್ಲ. ನಲವತ್ತೆಂಟಕ್ಕೆ ಮೆಟ್ಟಿಲು ತಟ್ಟಿ ಗಡಿಯಾರ ನೋಡಿದೆ. ಎಪ್ಪತ್ತೊಂದು ನಿಮಿಷ.

ಒಂದು ನಿಮಿಷ. ಕಾರ್ಖಾನೆಯಲ್ಲಾಗಿದ್ದರೆ ಎರಡನೇ ಸಲ ನೋಡದೆ ಕೆಂಪು ಅಂಟಿಸುತ್ತಿದ್ದೆ. ಮೆಟ್ಟಿಲ ಮೇಲೆ ಕೂತು ಉಸಿರು ತಿರುಗಿಸಿಕೊಂಡು ಮೇಲೆ ಬಂದೆ.

"ಆಯ್ತೇನ್ಲಾ?"

"ಇಲ್ಲ ಚಿಕ್ಕಮ್ಮ. ಒಂದ್ ನಿಮಿಷ ಜಾಸ್ತಿ. ಹೋಗಲ್ಲ ಬಿಡು, ಅಷ್ಟೇ. ಮುಂದಿನ್ ವಾರದಿಂದ ನೀನೂ ಹಿಂಗೆ ಕೂರೋದ್ ಬೇಡ."

ಅವಳಿಗೆ ನಿರಾಳವಾದೀತು ಎಂದೇ ಹೇಳಿದ್ದು. ಅವಳ ಮುಖ ಕೆಂಪಾಯಿತು.

"ಥೂ ನಿನ್ನ! ಎಂಟ್ ತಿಂಗ್ಳು ನಾನ್ ಹೊಟ್ಟೇಲ್ ಬೆಂಕಿ ಇಟ್ಕಂಡ್ ಕೂತಿದ್ದು ಒಂದ್ ನಿಮಿಷುಕ್ ದಂಡ ಮಾಡ್ತೀಯಾ? ಹೋದ್ ವಾರ ಎಷ್ಟ್ ಆಗಿತ್ತು ನಿನ್ ಹೆಂಡ್ರು ಎಣ್ಸಿದ್ದು?"

"ಎಪ್ಪತ್ತೆರಡು."

"ಇವತ್ತು?"

"ಎಪ್ಪತ್ತೊಂದು."

"ಮತ್ತೆ? ಇನ್ನೂ ಒಂದ್ ಭಾನ್ವಾರ ಐತಲ್ಲ. ಬರ್ಬೇಕು. ಬಂದು ಇಳೀಬೇಕು. ನನ್ ಚಿಂತೆ ನಿಂಗ್ ಬ್ಯಾಡ, ನಂಗೆ ಇವಾಗ ಅಭ್ಯಾಸ ಆಗೈತೆ."

ಹಾಗೆನ್ನುತ್ತಾ ನನ್ನ ಕಡೆಗೆ ಟವಲು ಚಾಚಿದಳು. ಇನ್ನೊಂದು ಕೈ ಕೊನೆಯ ಬೀಜವನ್ನು ಚೊಂಬಿಗೆ ಹಾಕದೆ ಇನ್ನೂ ಬಿಗಿಯಾಗಿ ಹಿಡಿದಿತ್ತು. ನಾನು ನೋಡಿದ್ದು ಅವಳಿಗೂ ಗೊತ್ತಾಯಿತು.

"ಬತ್ತೀನಿ ಚಿಕ್ಕಮ್ಮ" ಎಂದೆ.